ಮಳೆಗಾಲದ ಮುಚ್ಚಿದ ಬಾಗಿಲು: ಸಹ್ಯಾದ್ರಿಯ ಗುಹೆಗಳಿಗೆ ಹೊರಡುವ ಮುನ್ನ

ಮೃಗಶಿರಾ ಮಳೆ ಕಳೆದು ಆರ್ದ್ರಾ ಕಾಲಿಟ್ಟಿತೆಂದರೆ ಪುಣೆಯ ಕನ್ನಡಿಗರ ಮನೆಗಳಲ್ಲಿ ಒಂದು ಬಗೆಯ ಸಡಗರ ಆರಂಭವಾಗುತ್ತದೆ. ಬಿಸಿಲಿಗೆ ಬೇಸತ್ತ ಮಕ್ಕಳು ಬೆಟ್ಟಕ್ಕೆ ಹೋಗೋಣವೆಂದು ಹಟ ಹಿಡಿಯುತ್ತಾರೆ. ಊರಿನಿಂದ ಬಂದ ನೆಂಟರಿಗೆ ಕಾರ್ಲಾ, ಭಾಜಾ ತೋರಿಸಬೇಕೆಂಬ ಆಸೆ ಹಿರಿಯರಿಗೆ. ಯೆರವಡಾದಿಂದ ಭಾನುವಾರ ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮರಳಬಹುದೆಂಬ ಲೆಕ್ಕಾಚಾರವೂ ನಡೆಯುತ್ತದೆ. ಆದರೆ ಈಚಿನ ವರ್ಷಗಳಲ್ಲಿ ಈ ಲೆಕ್ಕಾಚಾರ ಅನೇಕ ಸಲ ದಾರಿಯ ನಡುವೆಯೇ ತಪ್ಪುತ್ತಿದೆ. ಪೊಲೀಸರು ಅಡ್ಡಗಟ್ಟೆ ಹಾಕಿರುತ್ತಾರೆ, ಪ್ರವೇಶ ನಿಷೇಧದ ಫಲಕ ತೂಗುತ್ತಿರುತ್ತದೆ. ಬುತ್ತಿಯ ಡಬ್ಬಿಗಳೊಡನೆ ಮನೆಗೆ ಮರಳಬೇಕಾದಾಗ ಮನಸ್ಸಿಗೆ ಕಸಿವಿಸಿಯಾಗುವುದು ಸಹಜವೇ. ಕೆಲವರು ಗೊಣಗುತ್ತ ಹಿಂದಿರುಗುತ್ತಾರೆ. ಮತ್ತೆ ಕೆಲವರು ಊರವರನ್ನು ಕೇಳಿ ಕಳ್ಳದಾರಿ ಹುಡುಕುತ್ತಾರೆ.

ಈ ನಿಷೇಧಗಳು ಏಕೆ ಬರುತ್ತವೆ? ಅವುಗಳಲ್ಲಿ ಯಾವುದಕ್ಕೆ ಎಷ್ಟು ಅರ್ಥವಿದೆ? ಗುಹೆಗಳನ್ನು ನೋಡುವ ಆಸೆಯನ್ನು ಬಿಡದೆ ಸುರಕ್ಷಿತವಾಗಿ ಅದನ್ನು ಪೂರೈಸಿಕೊಳ್ಳುವುದು ಹೇಗೆ? ಈ ವಿಷಯಗಳನ್ನು ಕೊಂಚ ವಿವರವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಉತ್ತರವೊಂದನ್ನು ಕಾರ್ಲಾದ ಕಲ್ಲಿನ ಮೇಲೆಯೇ ಎರಡು ಸಾವಿರ ವರ್ಷಗಳಷ್ಟು ಹಿಂದೆ ಬರೆದಿಡಲಾಗಿದೆ ಎಂಬುದನ್ನು ತಿಳಿದರೆ ಓದುಗರಿಗೆ ಆಶ್ಚರ್ಯವಾದೀತು.

ಲೇಣಿ, ಗವಿ, ಗುಹೆ

ಮರಾಠಿಯಲ್ಲಿ ಬಂಡೆ ಕೊರೆದು ಮಾಡಿದ ಗುಹೆಯನ್ನು ‘ಲೇಣಿ’ ಎನ್ನುತ್ತಾರೆ. ಪ್ರಾಕೃತ ಶಾಸನಗಳಲ್ಲಿ ಬರುವ ‘ಲೇಣ’ ಎಂಬ ಶಬ್ದದಿಂದ ಇದು ಬಂದಿದೆ; ಆಶ್ರಯಸ್ಥಾನ, ವಾಸಸ್ಥಾನ ಎಂಬುದು ಅದರ ಅರ್ಥ. ಕನ್ನಡದ ‘ಗವಿ’ಯಾದರೋ ಸಹಜವಾಗಿ ಉಂಟಾದ ಗುಹೆಗೂ ಸಲ್ಲುತ್ತದೆ. ಬೆಂಗಳೂರಿನ ಗವಿಗಂಗಾಧರೇಶ್ವರ, ಕೊಪ್ಪಳದ ಗವಿಮಠ ಇವೆಲ್ಲ ನಮಗೆ ಪರಿಚಿತ ಹೆಸರುಗಳು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವೂ ಇದೆ.

ಗುಹೆಗಳೆಲ್ಲ ಒಂದೇ ಬಗೆಯವಲ್ಲ. ಬಾದಾಮಿಯ ಗುಹೆಗಳನ್ನು ಮರಳುಗಲ್ಲಿನಲ್ಲಿ ಕೊರೆಯಲಾಗಿದೆ. ಅಲ್ಲಿನ ಮೂರನೆಯ ಗುಹೆಯಲ್ಲಿ ಶಕ 500, ಅಂದರೆ ಕ್ರಿ.ಶ. 578ರ ಮಂಗಲೇಶನ ಶಾಸನವಿದೆ. ಕುಮಟಾ ತಾಲ್ಲೂಕಿನ ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿರುವ ಗುಹೆ ಸುಣ್ಣಗಲ್ಲಿನದು. ಅದನ್ನು ಕೊರೆದದ್ದು ನೀರು. ಕೋಲಾರದ ಅಂತರಗಂಗೆಯ ಗುಹೆಗಳು ಒಂದರ ಮೇಲೊಂದು ಬಿದ್ದ ಹೆಬ್ಬಂಡೆಗಳ ನಡುವಿನ ಸಂದುಗಳು. ಪುಣೆಯ ಸುತ್ತಣ ಕಾರ್ಲಾ, ಭಾಜಾ, ಬೇಡ್ಸೆ ಹಾಗೂ ಜುನ್ನರದ ಲೇಣಿಗಳಾದರೋ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಉಳಿಯಿಂದ ಕಡೆದವು. ಒಂದೊಂದು ಬಗೆಯ ಗುಹೆಗೆ ಒಂದೊಂದು ಬಗೆಯ ಅಪಾಯ ಉಂಟು. ಸಹಜ ಗುಹೆಯಲ್ಲಿ ದಾರಿ ತಪ್ಪಬಹುದು, ನೀರು ತುಂಬಬಹುದು. ಕಡೆದ ಗುಹೆಯ ಒಳಗೆ ಅಂಥ ಭಯ ಕಡಿಮೆ; ಅಲ್ಲಿ ಅಪಾಯವಿರುವುದು ಹೆಚ್ಚಾಗಿ ಗುಹೆಗೆ ಹೋಗುವ ದಾರಿಯಲ್ಲಿ, ಬಾಗಿಲ ಮೇಲಿನ ಕಡಿದಾದ ಬಂಡೆಯಲ್ಲಿ ಹಾಗೂ ಹತ್ತಿರದ ಹಳ್ಳದಲ್ಲಿ.

ಈ ವಿಷಯಗಳನ್ನು ಅರಿಯಬೇಕೆಂದರೆ ನಾವು ಬಹುದೂರ ಹೋಗಬೇಕಾಗಿಲ್ಲ. 1821ರಲ್ಲಿ ಪಾಠಶಾಲೆಯಾಗಿ ಆರಂಭಗೊಂಡು 1868ರಿಂದ ಯೆರವಡಾದಲ್ಲಿ ನೆಲೆಸಿರುವ ಡೆಕ್ಕನ್ ಕಾಲೇಜು ಭಾರತದ ಪುರಾತತ್ವ ಅಧ್ಯಯನದ ಪ್ರಮುಖ ಕೇಂದ್ರಗಳಲ್ಲಿ ಒಂದು. ಪ್ರೊಫೆಸರ್ ಎಚ್. ಡಿ. ಸಾಂಕಳಿಯಾ ಅವರು ಇಲ್ಲಿ ಪುರಾತತ್ವ ವಿಭಾಗವನ್ನು ಕಟ್ಟಿ ಬೆಳೆಸಿದರು. ಇದೇ ಸಂಸ್ಥೆಯ ಕೆ. ಪದ್ದಯ್ಯನವರು ನಮ್ಮ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಶಿಲಾಯುಗದ ನೆಲೆಗಳನ್ನು ವರ್ಷಗಟ್ಟಲೆ ಶೋಧಿಸಿದರು. ನೆರೆಯಲ್ಲೇ ಇರುವ ಇಂಥ ವಿದ್ಯಾಸಂಸ್ಥೆ ನಮ್ಮ ಮಕ್ಕಳ ಕುತೂಹಲಕ್ಕೆ ಒದಗಿದ ಭಾಗ್ಯವೆಂದೇ ಹೇಳಬೇಕು.

ಬನವಾಸಿಯ ಶ್ರೇಷ್ಠಿ, ಕಾರ್ಲಾದ ಚೈತ್ಯ

ಕಾರ್ಲಾದ ಮಹಾಚೈತ್ಯವನ್ನು ನೋಡದ ಪುಣೆಯ ಕನ್ನಡಿಗರು ವಿರಳ. ಸುಮಾರು 38 ಮೀಟರ್ ಉದ್ದ, 14 ಮೀಟರ್ ಎತ್ತರದ ಈ ಸಭಾಂಗಣ ನಮ್ಮ ದೇಶದ ಬಂಡೆ ಕೊರೆದ ಚೈತ್ಯಗಳಲ್ಲೆಲ್ಲ ದೊಡ್ಡದು. ಛಾವಣಿಯಲ್ಲಿ ಅಂದು ಜೋಡಿಸಿದ ಮರದ ಕಮಾನುಗಳು ಇಂದಿಗೂ ಇವೆ. ಆದರೆ ಅದರ ಮುಖಮಂಟಪದ ಗೋಡೆಯ ಮೇಲಿನ ಒಂದು ಸಣ್ಣ ಶಾಸನದತ್ತ ಬಹಳ ಜನರ ಗಮನ ಹೋಗುವುದಿಲ್ಲ. ವೈಜಯಂತಿಯಿಂದ ಬಂದ ಭೂತಪಾಲನೆಂಬ ಶ್ರೇಷ್ಠಿ ಈ ಶೈಲಗೃಹವನ್ನು ಪೂರ್ಣಗೊಳಿಸಿದನೆಂದೂ, ಜಂಬೂದ್ವೀಪದಲ್ಲಿಯೇ ಇದು ಉತ್ತಮವಾದುದೆಂದೂ ಅದು ಸಾರುತ್ತದೆ. ಈ ವೈಜಯಂತಿ ಎಂದರೆ ಉತ್ತರ ಕನ್ನಡ ಜಿಲ್ಲೆಯ ಬನವಾಸಿ ಎಂಬುದು ಅನೇಕ ವಿದ್ವಾಂಸರ ಮತ. ಹಾಗಿದ್ದರೆ ಕನ್ನಡ ನಾಡಿನ ವರ್ತಕನೊಬ್ಬನ ಹಣ ಸಹ್ಯಾದ್ರಿಯ ಈ ಬೆಟ್ಟದಲ್ಲಿ ಶಿಲೆಯಾಗಿ ನಿಂತಿದೆ. ಘಟ್ಟದ ದಾರಿ ಹಿಡಿದು ಇಲ್ಲಿಗೆ ಬಂದು ಬೇರೂರಿದ ನಮ್ಮ ಕುಟುಂಬಗಳಿಗೆ ಈ ಭೂತಪಾಲ ಬಹು ದೂರದ ಹಿರಿಯನಂತೆ ತೋರಿದರೆ ತಪ್ಪಿಲ್ಲ.

ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದ್ದು ಅದೇ ಚೈತ್ಯದಲ್ಲಿರುವ ಇನ್ನೊಂದು ಶಾಸನ. ಕ್ಷತ್ರಪ ನಹಪಾನನ ಅಳಿಯ ಉಷವದಾತನದು ಅದು. ವಲೂರಕದ, ಅಂದರೆ ಇಂದಿನ ಕಾರ್ಲಾದ, ಲೇಣಿಗಳಲ್ಲಿ ವಾಸಿಸುವ ಸಂನ್ಯಾಸಿಗಳ ಜೀವನೋಪಾಯಕ್ಕಾಗಿ ಕರಜಿಕವೆಂಬ ಗ್ರಾಮವನ್ನು ಅವನು ದಾನ ಕೊಟ್ಟನು. ಈ ದಾನ ಯಾರಿಗೆ ಸಲ್ಲಬೇಕು? ಅಲ್ಲಿ ‘ವರ್ಷಾವಾಸ’ ಮಾಡುವ ಎಲ್ಲರಿಗೂ ಎಂದು ಶಾಸನ ತಿಳಿಸುತ್ತದೆ.

ವರ್ಷಾವಾಸವೆಂದರೆ ಮಳೆಗಾಲದಲ್ಲಿ ಒಂದೇ ಕಡೆ ನೆಲೆ ನಿಲ್ಲುವುದು. ವರ್ಷವಿಡೀ ಊರೂರು ಸಂಚರಿಸುವ ಭಿಕ್ಷುಗಳು ಮಳೆ ಬಂದೊಡನೆ ಸಂಚಾರವನ್ನು ನಿಲ್ಲಿಸಬೇಕೆಂಬುದು ಬೌದ್ಧರ ನಿಯಮವಾಗಿತ್ತು. ಜೈನ ಮುನಿಗಳಲ್ಲಿಯೂ ಈ ಕಟ್ಟಳೆ ಉಂಟು. ನಮ್ಮ ಮಠಗಳ ಸ್ವಾಮಿಗಳು ಇಂದಿಗೂ ಆಚರಿಸುವ ಚಾತುರ್ಮಾಸ್ಯ ಇದರದೇ ಬಂಧು. ಮಳೆಯಲ್ಲಿ ಹುಟ್ಟುವ ಹುಳುಹುಪ್ಪಟೆ, ಚಿಗುರುಗಳು ಕಾಲಿಗೆ ಸಿಕ್ಕಿ ಸಾಯಬಾರದು. ನದಿ ದಾಟಲು ಹೋಗಿ ಮನುಷ್ಯರೂ ಸಾಯಬಾರದು. ಈ ನಿಯಮದ ಹಿಂದೆ ಎರಡೂ ವಿವೇಕಗಳಿದ್ದವು.

ಎಂದರೆ ಸಹ್ಯಾದ್ರಿಯ ಈ ಲೇಣಿಗಳು ಮಳೆಗಾಲದಲ್ಲಿ ತಿರುಗಾಡದೆ ಇರುವ ಸಲುವಾಗಿ ಕಡೆದ ಮನೆಗಳು. ಮಳೆ ಆರಂಭವಾಗುವ ಮೊದಲೇ ಒಳಗೆ ಸೇರಿ, ಮಳೆ ಮುಗಿದ ಮೇಲೆ ಹೊರಡುವುದು ಅವರ ಪದ್ಧತಿ. ನಾವಾದರೋ ಸುರಿವ ಮಳೆಯಲ್ಲೇ ಹೊರಟು, ತೊಯ್ದ ಮೆಟ್ಟಿಲು ಹತ್ತಿ, ಒಂದು ಗಂಟೆ ನಿಂತು, ಅದೇ ಮಳೆಯಲ್ಲಿ ಇಳಿಯುತ್ತೇವೆ. ಕಟ್ಟಿದವರು ಯಾವ ಅಪಾಯವನ್ನು ತಪ್ಪಿಸಲು ಈ ಮನೆಗಳನ್ನು ಕಟ್ಟಿದರೋ ಅದನ್ನೇ ನಾವು ಅರಸಿಕೊಂಡು ಹೋಗುತ್ತಿದ್ದೇವೆ. ಮಳೆಗಾಲದ ಪ್ರವೇಶ ನಿಷೇಧವನ್ನು ಈ ದೃಷ್ಟಿಯಿಂದ ನೋಡಿದರೆ ಅದು ಹೊಸ ಕಾನೂನಿನ ಕಿರುಕುಳವಾಗಿ ಕಾಣದೆ, ಗುಹೆಗಳ ಹಳೆಯ ಶಿಸ್ತಿನ ಮುಂದುವರಿಕೆಯಾಗಿ ಕಂಡೀತು.

ಕಲ್ಲು ಮತ್ತು ನೀರು

ಸಹ್ಯಾದ್ರಿಯ ಬಸಾಲ್ಟ್ ಶಿಲೆ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಗಟ್ಟಿಯಾದ ಲಾವಾ. ಒಂದು ಪದರ ಗಟ್ಟಿ, ಇನ್ನೊಂದು ಮೆದು. ಎರಡರ ನಡುವೆ ಕೆಲವೆಡೆ ಕೆಮ್ಮಣ್ಣಿನಂಥ ತೆಳು ಪದರವಿರುತ್ತದೆ. ಅಂದಿನ ಶಿಲ್ಪಿಗಳು ಬಿರುಕು ಕಡಿಮೆಯಿರುವ ದಪ್ಪ ಪದರವನ್ನು ಆರಿಸಿಕೊಂಡು ಲೇಣಿ ಕಡೆದರು. ಮಳೆನೀರನ್ನು ಹಿಡಿದಿಡಲು ಪಕ್ಕದಲ್ಲೇ ತೊಟ್ಟಿಗಳನ್ನೂ ಕೊರೆದರು.

ಆದರೆ ಮೇಲಿನಿಂದ ಇಳಿಯುವ ನೀರು ಲಂಬವಾದ ಬಿರುಕುಗಳಲ್ಲಿ ಸೇರಿ, ಮೆದು ಪದರವನ್ನು ಮುಟ್ಟಿ, ಅದನ್ನು ನಿಧಾನವಾಗಿ ಸವೆಸುತ್ತದೆ. ಆಧಾರ ಕಳೆದುಕೊಂಡ ಮೇಲಿನ ಗಟ್ಟಿ ಬಂಡೆ ಒಂದು ದಿನ ಕಳಚಿ ಬೀಳುತ್ತದೆ. ಕರ್ಜತ್ ಬಳಿಯ ಕೊಂಡಾಣೆ ಲೇಣಿಯ ಮುಂಭಾಗ ಬಹುಮಟ್ಟಿಗೆ ಕುಸಿದಿರುವುದನ್ನು ಇಂದಿಗೂ ನೋಡಬಹುದು. ಇಂಥ ಕುಸಿತಕ್ಕೆ ಅನುಕೂಲವಾದ ಸಮಯವೆಂದರೆ ಬಿಡದೆ ಮಳೆ ಸುರಿದ ಮೂರನೆಯ, ನಾಲ್ಕನೆಯ ದಿನ. ಮಳೆ ನಿಂತು ಬಿಸಿಲು ಬಿದ್ದ ದಿನವೂ ಬೆಟ್ಟದೊಳಗಿನ ನೀರು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಆಕಾಶ ತಿಳಿಯಾಗಿದೆ ಎಂದ ಮಾತ್ರಕ್ಕೆ ಬಂಡೆ ಸುರಕ್ಷಿತವೆಂದು ತಿಳಿಯಲಾಗದು.

ಇನ್ನೊಂದು ಸಂಗತಿ ನಗರವಾಸಿಗಳಾದ ನಮ್ಮನ್ನು ದಾರಿ ತಪ್ಪಿಸುತ್ತದೆ. ಪುಣೆ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಸುಮಾರು 65 ಕಿಲೋಮೀಟರ್ ದೂರದ ಲೋಣಾವಳಾದಲ್ಲಿ ಅದು 4000 ಮಿಲಿಮೀಟರನ್ನೂ ಮೀರುತ್ತದೆ. ಯೆರವಡಾದಲ್ಲಿ ಜಿನುಗು ಮಳೆ ಕಂಡು ಹೊರಟವರಿಗೆ ಘಟ್ಟದ ಅಂಚಿನ ಮಳೆಯ ಅಂದಾಜು ಸಿಗುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ ಬಿದ್ದ ಮಳೆ ಕೆಲವೇ ನಿಮಿಷಗಳಲ್ಲಿ ಕೆಳಗಿನ ಹಳ್ಳಕ್ಕೆ ಇಳಿಯುತ್ತದೆ. ನಾವು ನಿಂತಲ್ಲಿ ಒಂದು ಹನಿಯೂ ಬಿದ್ದಿರದಿದ್ದರೂ ಮೊಣಕಾಲಿನ ನೀರು ಎದೆಯ ಮಟ್ಟಕ್ಕೆ ಏರಬಹುದು.

2024ರ ಜೂನ್ 30ರಂದು, ಭಾನುವಾರ, ಲೋಣಾವಳಾದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ನಡೆದದ್ದು ಇದೇ. ಪುಣೆಯಿಂದ ವಿಹಾರಕ್ಕೆಂದು ಹೋಗಿದ್ದ ಒಂದೇ ಕುಟುಂಬದ 5 ಜನ, ಬಹುಪಾಲು ಮಕ್ಕಳು, ಹಠಾತ್ತಾಗಿ ಏರಿದ ನೀರಿನಲ್ಲಿ ಕೊಚ್ಚಿಹೋದರು. ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದ ಅವರ ದೃಶ್ಯವನ್ನು ದೂರದರ್ಶನದಲ್ಲಿ ಕಂಡವರು ಸುಲಭವಾಗಿ ಮರೆಯಲಾರರು. ಅದರ ಮರುವರ್ಷ, 2025ರ ಜೂನ್ 15ರಂದು, ಇದೂ ಭಾನುವಾರವೇ, ತಳೇಗಾಂವ್ ಸಮೀಪದ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಪ್ರವಾಸಿಗರ ಭಾರಕ್ಕೆ ಕುಸಿದು 4 ಜನ ಅಸುನೀಗಿದರು. ಸೇತುವೆ ಅಪಾಯಕಾರಿಯೆಂದು ತಿಳಿಸುವ ಫಲಕ ಅಲ್ಲಿತ್ತು. ಇನ್ನೂ ಹಿಂದಕ್ಕೆ ಹೋದರೆ, 2014ರ ಜುಲೈ 30ರಂದು ಆಂಬೇಗಾಂವ್ ತಾಲ್ಲೂಕಿನ ಮಾಳಿಣ್ ಎಂಬ ಇಡೀ ಹಳ್ಳಿ ಗುಡ್ಡದಡಿ ಹೂತುಹೋಗಿ 150ಕ್ಕೂ ಹೆಚ್ಚು ಜನ ಮೃತಪಟ್ಟರು.

ಇವುಗಳಲ್ಲಿ ಯಾವುದೂ ಗುಹೆಯೊಳಗೆ ನಡೆದ ಅಪಘಾತವಲ್ಲ. ಆದರೆ ಲೇಣಿಗಳಿರುವುದು ಇದೇ ಗುಡ್ಡಗಳಲ್ಲಿ, ಹೋಗುವುದು ಇದೇ ಹಳ್ಳಗಳನ್ನು ದಾಟಿ. ಮಳೆಗಾಲದಲ್ಲಿ ಭಾಜಾ ಲೇಣಿಗಳ ಬಳಿಯ ಜಲಪಾತದಲ್ಲಿ ಸೇರುವ ಜನಸಂದಣಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭುಶಿಯ ದುರಂತದ ನಂತರ ಪುಣೆ ಜಿಲ್ಲಾಡಳಿತ 2024ರ ಜುಲೈನಲ್ಲಿ ಮಾವಳ, ಮುಳಶಿ, ಜುನ್ನರ, ಭೋರ್ ಮೊದಲಾದ ತಾಲ್ಲೂಕುಗಳ ಪ್ರವಾಸಿ ತಾಣಗಳಿಗೆ ನಿಷೇಧಾಜ್ಞೆ ಹೊರಡಿಸಿತು. ಕುಂಡಮಳಾದ ಘಟನೆಯ ಬಳಿಕ ಇಂಥ ನಿರ್ಬಂಧಗಳು ಮತ್ತೆ ಬಿಗಿಯಾದವು.

ಥಾಯ್ಲೆಂಡಿನ ಫಲಕ

ಸಹಜ ಗುಹೆಗಳಲ್ಲಿ ನೀರಿನ ಅಪಾಯ ಇನ್ನೂ ಹೆಚ್ಚು. 2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯೊಳಗೆ ಹೋದ 12 ಬಾಲಕರು ಹಾಗೂ ಅವರ ತರಬೇತುದಾರ ಅಲ್ಲಿಯೇ ಸಿಕ್ಕಿಕೊಂಡ ಸುದ್ದಿ ಜಗತ್ತನ್ನೇ ತಲ್ಲಣಗೊಳಿಸಿತ್ತು. ಜುಲೈ 8ರಿಂದ 10ರವರೆಗೆ ಮುಳುಗುಗಾರರು ಒಬ್ಬೊಬ್ಬರನ್ನಾಗಿ ಅವರೆಲ್ಲರನ್ನೂ ಹೊರತಂದರು. ಆದರೆ ಆ ಕಾರ್ಯದ ನಡುವೆ ಥಾಯ್ ನೌಕಾಪಡೆಯ ಮಾಜಿ ಮುಳುಗುಗಾರ ಸಮನ್ ಕುನಾನ್ ಪ್ರಾಣ ತೆತ್ತರು.

ಆ ಗುಹೆಯ ಬಾಗಿಲಲ್ಲಿ ಒಂದು ಫಲಕವಿತ್ತು. ಜುಲೈನಿಂದ ನವೆಂಬರ್‌ವರೆಗೆ ಒಳಗೆ ನೀರು ತುಂಬುವುದರಿಂದ ಪ್ರವೇಶಿಸಬಾರದೆಂದು ಅದರಲ್ಲಿ ಬರೆದಿತ್ತು. ಬಾಲಕರು ಹೋದದ್ದು ಜೂನ್ 23ರಂದು, ಫಲಕದ ಗಡುವಿಗೆ ಒಂದು ವಾರ ಮೊದಲು. ಆ ವರ್ಷ ಮಳೆ ಫಲಕದ ದಿನಾಂಕಕ್ಕಾಗಿ ಕಾಯಲಿಲ್ಲ. ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟ. ನಿಷೇಧವಿದ್ದಲ್ಲಿ ಹೋಗಬಾರದೆಂಬುದು ಎಷ್ಟು ನಿಜವೋ, ನಿಷೇಧವಿಲ್ಲದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದೆಂಬುದೂ ಅಷ್ಟೇ ನಿಜ. ಫಲಕಗಳು ಪಂಚಾಂಗವನ್ನು ನೋಡಿ ಬರೆದವು. ಮೋಡಗಳಿಗೆ ಪಂಚಾಂಗ ತಿಳಿಯದು.

ನಮ್ಮ ಗೋಕರ್ಣದ ರಾಮತೀರ್ಥ ಬೆಟ್ಟದ ಗುಹೆಯೊಂದರಲ್ಲಿ ವಿದೇಶೀ ಮಹಿಳೆಯೊಬ್ಬರು ಇಬ್ಬರು ಮಕ್ಕಳೊಡನೆ ವಾಸವಾಗಿದ್ದುದನ್ನು 2025ರ ಜುಲೈನಲ್ಲಿ ಪೊಲೀಸರು ಕಂಡು, ಭೂಕುಸಿತದ ಭಯವನ್ನು ತಿಳಿಸಿ ಅವರನ್ನು ಕೆಳಗೆ ಕರೆತಂದ ಸುದ್ದಿ ಓದುಗರಿಗೆ ನೆನಪಿರಬಹುದು. ಹಿಂದಿನ ಭಿಕ್ಷುಗಳು ಮಳೆಗಾಲವನ್ನು ಗುಹೆಯಲ್ಲೇ ಕಳೆಯಲಿಲ್ಲವೇ ಎಂದು ಕೇಳಬಹುದು. ಅವರು ಬಂಡೆಯನ್ನು ಪರೀಕ್ಷಿಸಿ, ಒಳಗೆ ಮಲಗುವ ಕಲ್ಲುಮಂಚಗಳನ್ನೂ ಹೊರಗೆ ನೀರಿನ ತೊಟ್ಟಿಗಳನ್ನೂ ಕಡೆದು, ದಾನದ ಗ್ರಾಮದ ಆಧಾರದಿಂದ ನೆಲೆ ನಿಂತವರು. ಕಂಡ ಬಿಲವನ್ನು ಹೊಕ್ಕವರಲ್ಲ.

ಇತರ ಅಪಾಯಗಳು

ಮಳೆ ಮುಗಿದ ಮೇಲೆ ಭಯವೇ ಇಲ್ಲವೆಂದಲ್ಲ. ಲೇಣಿಗಳ ಎತ್ತರದ ಬಂಡೆಗಳಿಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಹೊಗೆ, ಸುಗಂಧದ್ರವ್ಯ, ಜೋರಾದ ಗದ್ದಲ ಅಥವಾ ಯಾರೋ ತೂರಿದ ಕಲ್ಲು ಅವುಗಳನ್ನು ಕೆರಳಿಸಬಹುದು. ಹುಳುಗಳು ಎದ್ದಾಗ ಕೈ ಬೀಸುತ್ತ ನಿಲ್ಲದೆ, ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ಬೇಗನೆ ದೂರ ಸರಿಯಬೇಕು. ಒಂದೆರಡು ಕಡಿತವಾದರೂ ಉಸಿರಾಟದ ತೊಂದರೆ ಕಂಡುಬಂದರೆ ವಿಳಂಬವಿಲ್ಲದೆ ವೈದ್ಯರನ್ನು ಕಾಣಬೇಕು.

ಮಳೆಗಾಲದ ಮುಂಚಿನ ಹಾಗೂ ನಂತರದ ದಿನಗಳಲ್ಲಿ ಗುಡುಗು ಸಿಡಿಲು ಹೆಚ್ಚು. ಸಿಡಿಲಿಗೆ ಹೆದರಿ ಗುಹೆಯ ಬಾಯಲ್ಲಿ ನಿಲ್ಲುವುದು ವಾಡಿಕೆ. ಇದು ಸುರಕ್ಷಿತವಲ್ಲ, ಬೆಟ್ಟಕ್ಕೆ ಹೊಡೆದ ಸಿಡಿಲಿನ ವಿದ್ಯುತ್ತು ಬಂಡೆಯ ಮೇಲ್ಮೈಯಲ್ಲಿ ಹರಿದು ಗುಹೆಯ ಬಾಯಿಯನ್ನು ದಾಟಬಹುದು. ಬಂಡೆಗೆ ಒರಗದೆ ಸಾಕಷ್ಟು ಒಳಗೆ ಇರುವುದು ಮೇಲು. ಮುಗಿಲು ಕವಿಯುವ ಮೊದಲೇ ಕೆಳಗಿಳಿದಿರುವುದು ಎಲ್ಲಕ್ಕಿಂತ ಮೇಲು.

ಆಳವಾದ ಸಹಜ ಗುಹೆಗಳಲ್ಲಿ ಹಾಗೂ ಮುಚ್ಚಿದ ಹಳೆಯ ತೊಟ್ಟಿಗಳಲ್ಲಿ ಗಾಳಿಯಾಡದೆ ಇಂಗಾಲದ ಡೈಆಕ್ಸೈಡು ತಗ್ಗಿನಲ್ಲಿ ಸೇರಿರಬಹುದು. ಕಣ್ಣಿಗೆ ಕಾಣದ ಈ ಅನಿಲ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪಿಸಬಲ್ಲದು. ಬಾವಲಿಗಳ ಹಿಕ್ಕೆ ರಾಶಿಬಿದ್ದ ಕಡೆ ಏಳುವ ದೂಳಿನಿಂದ ಶ್ವಾಸಕೋಶದ ಸೋಂಕು ತಗಲುವ ಸಂಭವವೂ ಇದೆ. ಮಕ್ಕಳು ತೊಟ್ಟಿಗೆ ಇಳಿಯದಂತೆ, ಕತ್ತಲೆಯ ಮೂಲೆಗಳಿಗೆ ನುಗ್ಗದಂತೆ ನೋಡಿಕೊಳ್ಳಬೇಕಾದುದು ಇದಕ್ಕಾಗಿಯೇ.

ಗುಹೆಯ ರಕ್ಷಣೆಗಾಗಿ ಮುಚ್ಚುವುದು

ಎಲ್ಲ ನಿಷೇಧಗಳೂ ಮನುಷ್ಯರ ರಕ್ಷಣೆಗಾಗಿಯೇ ಇರುವುದಿಲ್ಲ. ಕೆಲವು ನಮ್ಮಿಂದ ಗುಹೆಯನ್ನು ರಕ್ಷಿಸುವುದಕ್ಕಾಗಿ. ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ 1940ರಲ್ಲಿ ಪತ್ತೆಯಾದ ಪ್ರಾಚೀನ ಚಿತ್ರಗಳು ಸಾವಿರಾರು ವರ್ಷ ಕೆಡದೆ ಉಳಿದಿದ್ದವು. ಪ್ರವಾಸಿಗರಿಗೆ ತೆರೆದ ಬಳಿಕ ಜನರ ಉಸಿರಿನಿಂದಲೇ ಅವು ಹಾಳಾಗತೊಡಗಿ, 1963ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು.

ಬೆಳಗಾವಿ ಕಡೆಯಿಂದ ಬಂದ ನಮ್ಮ ಅನೇಕ ಕುಟುಂಬಗಳಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ಖಾನಾಪುರ ತಾಲ್ಲೂಕಿನ ತಳೇವಾಡಿ ಬಳಿಯ ಬಾರಾಪೆಡೆ ಗುಹೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞರು ಇಲ್ಲಿನ ಒಂದು ಬಾವಲಿಯನ್ನು ಹೊಸ ಜಾತಿಯೆಂದು ವರ್ಣಿಸಿ, ಅದಕ್ಕೆ ರಾಟನ್ ಅವರ ಹೆಸರಿಟ್ಟರು. ಮೇಘಾಲಯ ಹಾಗೂ ಕಾಂಬೋಡಿಯಾಗಳಲ್ಲಿ ದೊರೆಯುವವರೆಗೆ, ಅಂದರೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಈ ಬಾವಲಿ ಪ್ರಪಂಚದಲ್ಲಿ ಬಾರಾಪೆಡೆಯೊಂದರಲ್ಲೇ ಇದೆಯೆಂದು ತಿಳಿಯಲಾಗಿತ್ತು. ಈ ಪ್ರದೇಶವನ್ನು 2011ರಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವಂತಿಲ್ಲ. ಮರಿಗಳಿರುವ ಕಾಲದಲ್ಲಿ ಒಂದು ಟಾರ್ಚಿನ ಬೆಳಕು, ನಾಲ್ಕು ಜನರ ಕೂಗಾಟ ಸಾಕು, ಬಾವಲಿಗಳ ಹಿಂಡೇ ಚೆದುರಲು. ಇಂಥ ಬಾಗಿಲು ನಮಗೆ ಎಂದೂ ತೆರೆಯದಿದ್ದರೂ ನಷ್ಟವೆಂದು ಭಾವಿಸಬಾರದು.

ದಕ್ಷಿಣ ಕನ್ನಡದ ನೆಲ್ಲಿತೀರ್ಥದಲ್ಲಿ ಈ ವಿವೇಕ ಸಂಪ್ರದಾಯದ ರೂಪದಲ್ಲಿಯೇ ಇದೆ. ಸೋಮೇಶ್ವರ ದೇವಾಲಯದ ಪಕ್ಕದ ಗುಹೆಯಲ್ಲಿ ಸುಮಾರು 200 ಮೀಟರ್ ದೂರ, ಕೆಲವೆಡೆ ಮೊಣಕಾಲೂರಿ, ತೆವಳಿ ಹೋದರೆ ಒಳಗಿನ ಕೊಳ ಹಾಗೂ ಶಿವಲಿಂಗದ ದರ್ಶನವಾಗುತ್ತದೆ. ಆದರೆ ವರ್ಷದ ಅರ್ಧ ಕಾಲ, ಮಳೆಗಾಲವೂ ಸೇರಿದಂತೆ, ಮನುಷ್ಯರಿಗೆ ಅಲ್ಲಿ ಪ್ರವೇಶವಿಲ್ಲ. ಅಲ್ಲಿ ಯಾವ ಅಡ್ಡಗಟ್ಟೆಯೂ ಬೇಕಾಗಿಲ್ಲ. ಭಕ್ತರು ತಾವಾಗಿಯೇ ಕಾಯುತ್ತಾರೆ.

ಆಕ್ಷೇಪಣೆಗಳಲ್ಲಿಯೂ ಹುರುಳಿದೆ

ಹಾಗೆಂದು ಎಲ್ಲ ನಿಷೇಧಗಳನ್ನೂ ಕಣ್ಣುಮುಚ್ಚಿ ಹೊಗಳಬೇಕಾಗಿಲ್ಲ. ಇಡೀ ತಾಲ್ಲೂಕಿಗೆ ಒಂದೇ ಆಜ್ಞೆ ಹೊರಡಿಸಿದಾಗ ಜಲಪಾತದ ಅಂಚಿನಲ್ಲಿ ಕುಣಿಯುವವನಿಗೂ, ಮಕ್ಕಳಿಗೆ ಶಾಸನ ತೋರಿಸಲು ಬಂದ ತಂದೆತಾಯಿಗಳಿಗೂ ವ್ಯತ್ಯಾಸವಿಲ್ಲದಂತಾಗುತ್ತದೆ. ಆಜ್ಞೆ ಯಾವ ಸ್ಥಳಕ್ಕೆ, ಎಷ್ಟು ದಿನ ಎಂಬುದು ದಾರಿಯ ಅರ್ಧಕ್ಕೆ ಬಂದ ಮೇಲೆಯೇ ತಿಳಿಯುವುದೂ ಉಂಟು. ಮಳೆಗಾಲದ ವ್ಯಾಪಾರವನ್ನೇ ನೆಚ್ಚಿದ ಚಹಾ ಅಂಗಡಿಯವರು, ಜೋಳದ ತೆನೆ ಸುಟ್ಟು ಮಾರುವ ಹಳ್ಳಿಯ ಹೆಂಗಸರು, ಮಾರ್ಗದರ್ಶಕರು ಇವರೆಲ್ಲರ ಸಂಪಾದನೆ ನಿಂತುಹೋಗುತ್ತದೆ. ಮುಖ್ಯದಾರಿ ಮುಚ್ಚಿದೊಡನೆ ಜನ ಕಾವಲಿಲ್ಲದ, ಇನ್ನೂ ಅಪಾಯಕರವಾದ ದಾರಿಗಳನ್ನು ಹಿಡಿಯುವ ಸಂಭವವೂ ಇಲ್ಲದಿಲ್ಲ.

ಇದಕ್ಕೆ ಒಂದು ಪರಿಹಾರವನ್ನು ಕರ್ನಾಟಕ ಪ್ರಯತ್ನಿಸಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರಪರ್ವತದ ಬುಡದಲ್ಲಿ ಚಾರಣಿಗರ ಭಾರೀ ಜನಸಂದಣಿ ಸೇರಿತ್ತು. ಆಗ ಅರಣ್ಯ ಇಲಾಖೆ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ಚಾರಣಕ್ಕೆ ಮುಂಗಡ ಚೀಟಿ ನೀಡುವ ಪದ್ಧತಿ ಬಂದಿತು; ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯನ್ನೂ ವಿಧಿಸಲಾಯಿತು. ಪೂರ್ತಿ ಮುಚ್ಚುವುದಕ್ಕೂ ಪೂರ್ತಿ ತೆರೆದುಬಿಡುವುದಕ್ಕೂ ನಡುವೆ ಇಂಥ ಮಧ್ಯಮಾರ್ಗವೊಂದಿದೆ. ಸಹ್ಯಾದ್ರಿಯ ಲೇಣಿಗಳಿಗೂ ಇದು ಒಗ್ಗಬಹುದು. ಆದರೆ ಅಂಥ ವ್ಯವಸ್ಥೆಯನ್ನು ಕೇಳುವ ಹಕ್ಕು ಬರುವುದು ಈಗಿರುವ ನಿಯಮವನ್ನು ಪಾಲಿಸಿದವರಿಗೆ. ಕಳ್ಳದಾರಿಯಲ್ಲಿ ಸಿಕ್ಕಿಕೊಂಡವರನ್ನು ಹೊರತರಲು ಹೋಗುವವರೂ ಯಾರದೋ ಮನೆಯ ಮಕ್ಕಳೇ ಎಂಬುದನ್ನು ನಾವು ಮರೆಯಬಾರದು.

ಕುಟುಂಬದೊಡನೆ ಹೊರಡುವವರಿಗೆ

ಮೊದಲು ಕಾಲದ ವಿಚಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೇಣಿಗಳನ್ನು ಬಿಟ್ಟು, ದೀಪಾವಳಿಯಿಂದ ಮಾಘ ಮಾಸದವರೆಗಿನ ದಿನಗಳನ್ನು ಆರಿಸಿಕೊಳ್ಳುವುದು ಉತ್ತಮ. ಆಗ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ಮೆಟ್ಟಿಲು ಒಣಗಿರುತ್ತವೆ, ಶಾಸನದ ಅಕ್ಷರಗಳು ಓರೆಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಚೈತ್ರದಲ್ಲಿ ಕಾರ್ಲಾದ ಏಕವೀರಾ ದೇವಿಯ ಜಾತ್ರೆಯಿರುವುದರಿಂದ ಮೆಟ್ಟಿಲುಗಳಲ್ಲಿ ವಿಪರೀತ ದಟ್ಟಣೆ. ವೃದ್ಧರೂ ಸಣ್ಣ ಮಕ್ಕಳೂ ಇದ್ದರೆ ಆ ದಿನಗಳನ್ನು ತಪ್ಪಿಸುವುದು ಲೇಸು.

ಎರಡನೆಯದು ವಿಚಾರಣೆ. ಕಾರ್ಲಾ, ಭಾಜಾ, ಲೇಣ್ಯಾದ್ರಿಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಸಂಜೆಯಾದ ಮೇಲೆ ಒಳಗೆ ಇರುವಂತಿಲ್ಲ. ನಿಷೇಧಾಜ್ಞೆ ಹೊರಡಿಸುವವರು ಜಿಲ್ಲಾಧಿಕಾರಿಗಳು. ಕಾಡಿನೊಳಗಿನ ದಾರಿ ಅರಣ್ಯ ಇಲಾಖೆಯ ವಶದಲ್ಲಿರುತ್ತದೆ. ಆದ್ದರಿಂದ ಒಂದು ಕಡೆ ತೆರೆದಿದೆ ಎಂದರೆ ಉಳಿದೆರಡು ಕಡೆಯೂ ತೆರೆದಿದೆ ಎಂದಲ್ಲ. ಹೊರಡುವ ದಿನದ ಹವಾಮಾನ ಮುನ್ಸೂಚನೆಯನ್ನು ಪುಣೆ ನಗರಕ್ಕೆಂದು ನೋಡದೆ ಘಟ್ಟ ಪ್ರದೇಶಕ್ಕೆಂದು ನೋಡಬೇಕು. ಮಳವಲಿ ನಿಲ್ದಾಣದಲ್ಲಿ ಇಳಿದು ಭಾಜಾಕ್ಕೆ ನಡೆಯುವವರು ಹಳ್ಳಿಯವರನ್ನು ಒಮ್ಮೆ ಕೇಳಿ ಮುಂದುವರಿಯಲಿ. ಬೇಡವೆಂದು ಊರ ಹಿರಿಯರು ಹೇಳಿದರೆ ಅದಕ್ಕೆ ಯಾವ ಲಿಖಿತ ಆಜ್ಞೆಯೂ ಬೇಕಿಲ್ಲ.

ಮೂರನೆಯದು ಸಿದ್ಧತೆ. ಜಾರದ ಪಾದರಕ್ಷೆ, ಕುಡಿಯುವ ನೀರು, ಒಬ್ಬರಿಗೊಂದು ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವು ಕನಿಷ್ಠ ಅಗತ್ಯಗಳು. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಉಳಿದವರಿಗೆ ತಿಳಿಸಿರಬೇಕು. ತುರ್ತು ಸಂದರ್ಭಕ್ಕೆ ದೇಶದಾದ್ಯಂತ 112 ಸಂಖ್ಯೆ ಇದೆ. ಆದರೆ ಘಟ್ಟದ ಮಡಿಲಲ್ಲಿ ಮೊಬೈಲು ಸಂಪರ್ಕ ಸಿಗದಿರಬಹುದೆಂಬ ಎಚ್ಚರವೂ ಇರಲಿ. ಹರಿಯುವ ನೀರು ಬಣ್ಣ ಬದಲಿಸಿ ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಮೇಲಿನಿಂದ ಸಣ್ಣ ಕಲ್ಲುಗಳು ಉರುಳಿದರೆ, ಛಾಯಾಚಿತ್ರ ತೆಗೆಯುತ್ತ ನಿಲ್ಲದೆ ಕೂಡಲೇ ಸರಿಯಬೇಕು.

ಮಳೆಗಾಲದಲ್ಲಿ ಮಕ್ಕಳ ಹಟ ತಣಿಸಬೇಕಾದರೆ ನಗರದ ನಡುವೆಯೇ ಒಂದು ಲೇಣಿ ಇದೆ. ಯೆರವಡಾದಿಂದ ಮೆಟ್ರೋ ಹತ್ತಿ ಸಂಭಾಜಿ ಉದ್ಯಾನ ನಿಲ್ದಾಣದಲ್ಲಿ ಇಳಿದು, ಜಂಗಲಿ ಮಹಾರಾಜ ರಸ್ತೆಯಲ್ಲಿ ಕೊಂಚ ದೂರ ನಡೆದರೆ ಪಾತಾಳೇಶ್ವರ ಸಿಗುತ್ತದೆ. 8ನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯ ಕಾಲದಲ್ಲಿ, ನೆಲಮಟ್ಟದ ಬಂಡೆಯನ್ನೇ ತೋಡಿ ಮಾಡಿದ ಶಿವಾಲಯ ಇದು. ಅಂಗಳದ ವರ್ತುಲಾಕಾರದ ನಂದಿಮಂಟಪ ಬಹು ಸೊಗಸು. ಈ ದೇವಾಲಯವನ್ನು ಶಿಲ್ಪಿಗಳು ಪೂರ್ಣಗೊಳಿಸಲಿಲ್ಲ. ಒಳಗಿನ ಬಂಡೆಯಲ್ಲಿ ಬಿರುಕು ಕಂಡದ್ದೇ ಇದಕ್ಕೆ ಕಾರಣವಿರಬಹುದೆಂಬ ಅಭಿಪ್ರಾಯವಿದೆ. ಅದು ನಿಜವಾಗಿದ್ದರೆ, ಅಷ್ಟು ದುಡಿದ ಮೇಲೆಯೂ ಕಲ್ಲಿನ ಮಾತನ್ನು ಕೇಳಿ ಉಳಿಯನ್ನು ಕೆಳಗಿಟ್ಟ ಆ ಶಿಲ್ಪಿಗಳ ವಿವೇಕಕ್ಕೆ ತಲೆಬಾಗಬೇಕು.

ಮುಂದಿನ ಆಷಾಢದಲ್ಲಿ ಘಟ್ಟದ ದಾರಿಯಲ್ಲಿ ಅಡ್ಡಗಟ್ಟೆ ಎದುರಾದರೆ ಮಕ್ಕಳಿಗೆ ಉಷವದಾತನ ದಾನದ ಕಥೆಯನ್ನು ಹೇಳೋಣ. ಮಳೆ ಬಂದಾಗ ನಿಲ್ಲಬೇಕೆಂದು ಆ ಗುಹೆಗಳೇ ಹೇಳುತ್ತಿವೆ ಎಂಬುದು ಅವರಿಗೂ ತಿಳಿಯಲಿ. ಕಾರ್ಲಾದ ಚೈತ್ಯ ಸಾವಿರದ ಒಂಬೈನೂರು ಮಳೆಗಾಲಗಳನ್ನು ಕಂಡಿದೆ. ಇನ್ನು ನಾಲ್ಕು ತಿಂಗಳು ಅದು ಅಲ್ಲಿಯೇ ಇರುತ್ತದೆ. ಬುತ್ತಿಯನ್ನು ಮನೆಯಲ್ಲೇ ಬಿಚ್ಚಿ ಉಣ್ಣೋಣ. ದೀಪಾವಳಿಯ ನಂತರದ ಒಂದು ತಿಳಿಬೆಳಗಿನಲ್ಲಿ ಎಲ್ಲರೂ ಕ್ಷೇಮವಾಗಿ ಹೋಗಿ, ಬನವಾಸಿಯ ಆ ಶ್ರೇಷ್ಠಿಯ ಹೆಸರನ್ನು ಹುಡುಕಿ ಓದಿ ಬರೋಣ.